ಕೀಲಿಕೈ ಯಾರ ಕಡೆ?

ಮುಂಡರಗಿ ಬಿಟ್ಟು ಸಿಂಗಟಾಲೂರಿನ ದಾರಿ ಹಿಡಿದರೆ ಕಪ್ಪತಗುಡ್ಡದ ಸಾಲು ಬೆನ್ನ ಹಿಂದೆ ಉಳಿಯುತ್ತದೆ, ತುಂಗಭದ್ರೆ ಎದುರಿಗೆ ಬರುತ್ತಾಳೆ. ಹೊಳೆ ದಂಡೆಯ ವೀರಭದ್ರೇಶ್ವರನಿಗೆ ಸುತ್ತಣ ನಾಲ್ಕಾರು ತಾಲ್ಲೂಕಿನ ಒಕ್ಕಲು ಇದೆ. ಜನ ಟ್ರ್ಯಾಕ್ಟರ್ ಮಾಡಿಕೊಂಡು ಬರುತ್ತಾರೆ, ಹೊಳೆಯಲ್ಲಿ ಮೀಯುತ್ತಾರೆ, ಗಿಡದ ನೆರಳಲ್ಲಿ ಮೂರು ಕಲ್ಲು ಹೂಡಿ ಅಡುಗೆ ಮಾಡುತ್ತಾರೆ. ಪಕ್ಕದಲ್ಲಿ ಕೂತ ಗುರುತಿಲ್ಲದವರಿಗೂ ಒಂದು ತುತ್ತು ಎತ್ತಿಟ್ಟು, ಬುತ್ತಿ ಗಂಟು ಕಟ್ಟಿಕೊಂಡು ಸಂಜೆಗೆ ಹೊರಡುತ್ತಾರೆ. ಅಲ್ಲಿ ಕೂಡಲು ಯಾರ ಪರವಾನಗಿಯೂ ಬೇಕಿಲ್ಲ. ಆ ಜಾಗಕ್ಕೆ ಯಾರೂ ‘ಸಮುದಾಯ ಭವನ’ ಎಂದು ಹೆಸರಿಟ್ಟಿಲ್ಲ.

ಸಮುದಾಯ ಭವನ ಎಂಬ ಮಾತಿನ ಜೊತೆ ನನ್ನ ಸಂಬಂಧ ಬೇರೆ ಥರದ್ದು. ಪದವಿ ಓದುವಾಗ ಇದೇ ಸೀಮೆಯ ಒಂದು ಹಳ್ಳಿಯಲ್ಲಿ ನಮ್ಮ ಏಳು ದಿನದ ಎನ್ನೆಸ್ಸೆಸ್ ಶಿಬಿರ ನಡೆಯಿತು. ಊರಿಗೆ ಹೊಸದಾಗಿ ಬಂದಿದ್ದ ಸಮುದಾಯ ಭವನದ ಸುತ್ತ ನೆಲ ಹದ ಮಾಡುವುದು, ಮುಂದೊಂದು ಕಟ್ಟೆ ಕಟ್ಟುವುದು, ಗೋಡೆಗೆ ಸುಣ್ಣ ಬಳಿಯುವುದು ನಮ್ಮ ಪಾಲಿನ ಕೆಲಸ. ಅಂಗೈಯಲ್ಲಿ ಬೊಬ್ಬೆ ಎದ್ದವು, ರಾತ್ರಿ ಹಾಡು ಹೇಳಿದೆವು, ಗೋಡೆಯ ಮೇಲೆ ಘೋಷವಾಕ್ಯ ಬರೆದೆವು. ಕೊನೆಯ ದಿನ ಕಟ್ಟೆಯ ಮೇಲೆ ಕೂತು ಫೋಟೊ ತೆಗೆಸಿಕೊಳ್ಳುವಾಗ ಅಜ್ಜಿಯೊಬ್ಬಳು ಬಂದು ನಿಂತಳು. ಭವನವನ್ನೊಮ್ಮೆ ನೋಡಿ, ನಮ್ಮನ್ನೊಮ್ಮೆ ನೋಡಿ ಕೇಳಿದಳು: “ಛಲೋ ಕಟ್ಟೀರಿ ತಮ್ಮಾ. ಇದರ ಕೀಲಿಕೈ ಯಾರ ಕಡೆ ಇರತೈತಿ?” ನಾವು ನಕ್ಕೆವು. “ಊರಾಗ ಯಾರರ ಕಡೆ ಇರತೈತಿ ಬಿಡಬೇ” ಅಂದೆವು. ಅಜ್ಜಿ ನಗಲಿಲ್ಲ.

ಕೆಲವು ವರ್ಷಗಳ ನಂತರ ಅದೇ ಊರಿನ ಮೇಲೆ ಹೋಗುವ ಪ್ರಸಂಗ ಬಂತು. ಭವನಕ್ಕೆ ಕೀಲಿ ಜಡಿದಿತ್ತು, ಕೀಲಿಗೆ ಜಂಗು ಹಿಡಿದಿತ್ತು. ಕಿಟಕಿಯಲ್ಲಿ ಇಣುಕಿದರೆ ಒಳಗೆ ಯಾರದೋ ಗೊಬ್ಬರದ ಚೀಲಗಳು. ಕೀಲಿಕೈ ಯಾರ ಹತ್ತಿರವಿದೆ ಎಂದು ಕೇಳಿದೆ. ಮೂವರು ಮೂರು ಹೆಸರು ಹೇಳಿದರು. ನಾವು ಕಟ್ಟಿದ ಕಟ್ಟೆಯ ಮೇಲೂ ಯಾರೂ ಕೂತಿರಲಿಲ್ಲ, ಅದು ಇಡೀ ಮಧ್ಯಾಹ್ನ ಬಿಸಿಲಿಗೆ ಬೀಳುವ ದಿಕ್ಕಿನಲ್ಲಿತ್ತು. ಊರವರು ಮೊದಲಿನಂತೆ ಬೇವಿನ ಗಿಡದ ಬುಡದಲ್ಲೇ ಕೂತಿದ್ದರು.

ಅಜ್ಜಿಯ ಪ್ರಶ್ನೆ ನನ್ನನ್ನು ಅಂದಿನಿಂದ ಬಿಟ್ಟಿಲ್ಲ. ವಿದ್ಯಾರ್ಥಿಗಳು ತಮ್ಮದಲ್ಲದ ಊರಿಗೆ, ತಮ್ಮದಲ್ಲದ ದೇಶಕ್ಕೆ ಹೋಗಿ ಜನರಿಗಾಗಿ ಏನನ್ನಾದರೂ ಕಟ್ಟಿಕೊಡುವ ರೂಢಿಗೆ ಈಗ ನೂರು ವರ್ಷ ದಾಟಿದೆ. ಆ ಚರಿತ್ರೆಯನ್ನು ಓದುತ್ತ ಹೋದ ಹಾಗೆ, ಅದರ ಸೋಲು ಗೆಲುವುಗಳೆಲ್ಲ ಆ ಅಜ್ಜಿಯ ಒಂದು ಮಾತಿನ ಸುತ್ತಲೇ ತಿರುಗುತ್ತವೆ ಎಂದು ನನಗೆ ಅನಿಸತೊಡಗಿತು.

ಕಥೆ ಶುರುವಾಗುವುದು 1920ರಲ್ಲಿ, ಫ್ರಾನ್ಸಿನ ಎಸ್ನ್ ಎಂಬ ಹಳ್ಳಿಯಲ್ಲಿ. ಮೊದಲ ಮಹಾಯುದ್ಧದ ಅತಿ ಭೀಕರ ಕಾಳಗ ನಡೆದ ವೆರ್ಡನ್ ಊರಿಗೆ ಹತ್ತಿರದ ಈ ಹಳ್ಳಿ ಫಿರಂಗಿಗಳ ಬಾಯಿಗೆ ಸಿಕ್ಕು ನೆಲಸಮವಾಗಿತ್ತು. ಪಿಯರ್ ಸೆರೆಸೋಲ್ ಎಂಬ ಸ್ವಿಸ್ ಎಂಜಿನಿಯರ್ ಬೇರೆ ಬೇರೆ ದೇಶಗಳ ಕೆಲವೇ ಮಂದಿಯನ್ನು ಕೂಡಿಸಿಕೊಂಡು ಅಲ್ಲಿಗೆ ಹೋದ. ಅವರಲ್ಲಿ ಜರ್ಮನರೂ ಇದ್ದರು. ಶತ್ರುಗಳಾಗಿದ್ದವರು ಒಟ್ಟಿಗೆ ಸಲಿಕೆ ಹಿಡಿದು, ಮನೆ ಕಳೆದುಕೊಂಡವರಿಗೆ ಮನೆ ಕಟ್ಟಿಕೊಟ್ಟರೆ ಯುದ್ಧದ ವಿಷ ಇಳಿದೀತು ಎಂಬುದು ಅವನ ನಂಬಿಕೆ. ಅವರು ಮರದ ಗುಡಿಸಲುಗಳನ್ನು ಎಬ್ಬಿಸಿದರು, ಹೊಲಗಳಲ್ಲಿ ಬಿದ್ದ ಅವಶೇಷ ತೆಗೆದರು. ಆದರೆ ಐದು ತಿಂಗಳಲ್ಲಿ ಕೆಲಸ ನಿಂತಿತು. ತಮ್ಮ ಮಕ್ಕಳನ್ನು ಕೊಂದ ಸೈನ್ಯದ ಕಡೆಯವರು ತಮ್ಮ ಅಂಗಳದಲ್ಲಿ ಓಡಾಡುವುದನ್ನು ಸಹಿಸುವ ಸ್ಥಿತಿಯಲ್ಲಿ ಆ ಸೀಮೆ ಇರಲಿಲ್ಲ.

ಇಂದು ಜಗತ್ತಿನ ತುಂಬ ಹರಡಿರುವ ಶ್ರಮಶಿಬಿರಗಳ ಮೂಲ ಇದು. ‘ಸರ್ವಿಸ್ ಸಿವಿಲ್ ಇಂಟರ್‌ನ್ಯಾಷನಲ್’ ಎಂಬ ಸಂಸ್ಥೆ ಈ ಎಸ್ನ್‌ನ ಪ್ರಯತ್ನದಿಂದಲೇ ಹುಟ್ಟಿತು. ಅದರ ಮೊದಲ ಪಾಠ ಸೋಲಿನದು ಎಂಬುದನ್ನು ಮರೆಯಬಾರದು. ಕಟ್ಟುವವರ ಮನಸ್ಸು ಎಷ್ಟೇ ನಿರ್ಮಲವಾಗಿರಲಿ, ಊರು ಬೇಡ ಎಂದರೆ ಅಲ್ಲಿಗೆ ಮುಗಿಯಿತು.

ಸೆರೆಸೋಲ್ ಅದನ್ನು ಕಲಿತಂತೆ ಕಾಣುತ್ತದೆ. 1934ರ ಜನವರಿ 15ರಂದು ಬಿಹಾರದಲ್ಲಿ ಭೂಕಂಪವಾದಾಗ ಆತ ಭಾರತಕ್ಕೆ ಬಂದ. ಪರಿಹಾರ ಕಾರ್ಯದ ಮುಂದಾಳತ್ವ ವಹಿಸಿದ್ದ ರಾಜೇಂದ್ರ ಪ್ರಸಾದರ ಬಳಗದ ಜೊತೆ ಸೇರಿದ, ಗಾಂಧೀಜಿಯನ್ನು ಕಂಡ. 1937ರ ತನಕ ಬಂದು ಹೋಗುತ್ತ, ಬೆರಳೆಣಿಕೆಯ ಯುರೋಪಿಯನ್ ಸಂಗಾತಿಗಳೊಡನೆ ಮುಜಫರ್‌ಪುರದ ಸೀಮೆಯಲ್ಲಿ ನೆಲೆ ಕಳೆದುಕೊಂಡ ಹಳ್ಳಿಗರಿಗೆ ಹೊಸ ಊರು ಕಟ್ಟುವ ಕೆಲಸ ಮಾಡಿದ. ಇಲ್ಲಿ ಕೆಲಸದ ಲಗಾಮು ಹೊರಗಿನವರ ಕೈಯಲ್ಲಿರಲಿಲ್ಲ. ಯಾವ ಊರು, ಯಾವ ಜಾಗ ಎಂಬುದನ್ನು ಇಲ್ಲಿಯವರ ಜೊತೆ ಕೂತು ನಿರ್ಧರಿಸಬೇಕಿತ್ತು. ಹೊರಗಿನಿಂದ ಬಂದವನು ಕೈ ಕೊಟ್ಟ, ಅಷ್ಟೇ.

ಎರಡನೆಯ ಮಹಾಯುದ್ಧ ಮುಗಿದ ಮೇಲೆ ಈ ಕೆಲಸದ ಗಾತ್ರವೂ ಬದಲಾಯಿತು, ಅರ್ಥವೂ ಬದಲಾಯಿತು. ವಸಾಹತುಗಳು ಸ್ವತಂತ್ರವಾದವು, ‘ಅಭಿವೃದ್ಧಿ’ ಎಂಬುದು ಸರಕಾರಗಳ ನಡುವಿನ ಮಾತಾಯಿತು. 1960ರ ಅಕ್ಟೋಬರ್ 14ರ ನಡುರಾತ್ರಿ ಕಳೆದು ಎರಡು ಗಂಟೆಗೆ, ಚುನಾವಣಾ ಪ್ರಚಾರದಲ್ಲಿದ್ದ ಜಾನ್ ಎಫ್. ಕೆನಡಿ ಮಿಷಿಗನ್ ವಿಶ್ವವಿದ್ಯಾಲಯದ ಮೆಟ್ಟಿಲ ಮೇಲೆ ನಿಂತು, ಕಾದಿದ್ದ ವಿದ್ಯಾರ್ಥಿಗಳನ್ನು ಕೇಳಿದರು: ನಿಮ್ಮಲ್ಲಿ ಎಷ್ಟು ಮಂದಿ ಹೊರದೇಶಕ್ಕೆ ಹೋಗಿ ಕೆಲಸ ಮಾಡಲು ಸಿದ್ಧ? ಆ ರಾತ್ರಿಯ ಪ್ರಶ್ನೆಗೆ ವಿದ್ಯಾರ್ಥಿಗಳೇ ಸಹಿ ಸಂಗ್ರಹಿಸಿ ಉತ್ತರ ಕೊಟ್ಟರು. ಮರುವರ್ಷ ಮಾರ್ಚ್ 1ರಂದು ‘ಪೀಸ್ ಕೋರ್’ ಹುಟ್ಟಿತು. ಅದರ ಹಿಂದೆ ಯುವಕರ ಉತ್ಸಾಹವೂ ಇತ್ತು, ಸೋವಿಯತ್ ರಷ್ಯಾದ ಜೊತೆಗಿನ ಶೀತಲ ಸಮರದ ಲೆಕ್ಕಾಚಾರವೂ ಇತ್ತು. ಎರಡೂ ನಿಜ.

1961ರ ಕೊನೆಗೆ ಪೀಸ್ ಕೋರ್‌ನ ಮೊದಲ ತಂಡ ಭಾರತಕ್ಕೆ ಬಂದು ಪಂಜಾಬಿನಲ್ಲಿ ಇಳಿಯಿತು. ಬರಗಾಲದ ವರ್ಷಗಳಾದ 1965–67ರ ಹೊತ್ತಿಗೆ ತಂಡಗಳು ದೊಡ್ಡವಾದವು. ಅಂದಿನ ಮೈಸೂರು ರಾಜ್ಯಕ್ಕೂ ಅವರು ಬಂದರು. ಇಪ್ಪತ್ತೆರಡು ಇಪ್ಪತ್ತಮೂರರ ಹುಡುಗ ಹುಡುಗಿಯರು ಕೆಲವು ವಾರಗಳಲ್ಲಿ ಕಲಿತ ಕನ್ನಡದ ಜೊತೆ ಹಳ್ಳಿಗಳಲ್ಲಿ ಬಿಡಾರ ಮಾಡಿದರು. ಕೋಳಿ ಸಾಕಣೆ, ಶಾಲೆಯ ಕೈತೋಟ, ಪೌಷ್ಟಿಕ ಆಹಾರ ಇವು ಅವರಿಗೆ ವಹಿಸಿದ ಕೆಲಸ. ಇಲ್ಲೊಂದು ತಮಾಷೆಯಿದೆ. ಅವರಲ್ಲಿ ಬಹಳ ಮಂದಿ ಓದಿದ್ದು ಇತಿಹಾಸ, ಸಾಹಿತ್ಯ, ಸಮಾಜಶಾಸ್ತ್ರ. ಹೊಲ ಕಂಡಿದ್ದವರು ಕಡಿಮೆ. ಮುಂಗಾರು ಕೈಕೊಟ್ಟರೆ ಹಿಂಗಾರಿಗೆ ಏನು ಬಿತ್ತಬೇಕು ಎಂದು ತಲೆತಲಾಂತರದಿಂದ ಬಲ್ಲ ರೈತನಿಗೆ ಅವರು ಕೃಷಿಯ ಬಗ್ಗೆ ತಿಳಿಹೇಳಬೇಕಿತ್ತು.

ಇದನ್ನು ನಗೆಗೀಡು ಮಾಡಿ ಮುಂದೆ ಹೋಗುವುದು ಸುಲಭ. ಆದರೆ ಎರಡು ವರ್ಷ ಒಂದೇ ಊರಲ್ಲಿ ಉಳಿದು, ಅಲ್ಲಿಯ ನೀರು ಕುಡಿದು, ಅಲ್ಲಿಯ ಮಾತಿನಲ್ಲೇ ಜಗಳವಾಡಿ ಹೋದವರು ಬೇರೆ ಮನುಷ್ಯರಾಗಿಯೇ ಹೋದರು. ಮುಂದೆ ಅಮೆರಿಕದ ಅಧ್ಯಕ್ಷರಾದ ಜಿಮ್ಮಿ ಕಾರ್ಟರ್ ಅವರ ತಾಯಿ ಲಿಲಿಯನ್ ಕಾರ್ಟರ್, ಅರವತ್ತೆಂಟನೆಯ ವಯಸ್ಸಿನಲ್ಲಿ ಪೀಸ್ ಕೋರ್ ಸೇರಿ, ಮುಂಬಯಿಯ ವಿಕ್ರೋಲಿಯಲ್ಲಿ ದಾದಿಯಾಗಿ ದುಡಿದದ್ದು ಇದೇ ಕಾಲದಲ್ಲಿ. ಪೀಸ್ ಕೋರ್ ಅನುಭವದಿಂದಲೇ ಭಾರತದ ಭಾಷೆ, ಇತಿಹಾಸ, ಸಮಾಜಗಳ ಅಧ್ಯಯನಕ್ಕೆ ತಿರುಗಿದ ಅಮೆರಿಕನ್ ವಿದ್ವಾಂಸರು ಹಲವರು. ಅಂದರೆ ಕಲಿಸಲು ಬಂದವರು ಕಲಿತು ಹೋದರು. ಹಳ್ಳಿಗೆ ದಕ್ಕಿದ್ದಕ್ಕಿಂತ ಬಂದವರಿಗೆ ದಕ್ಕಿದ್ದೇ ಹೆಚ್ಚು. ಎರಡು ದೇಶಗಳ ಸಂಬಂಧ ಹಳಸಿದ ಹಾಗೆ ತಂಡಗಳೂ ಸಣ್ಣವಾದವು, 1976ರಲ್ಲಿ ಭಾರತದ ಪೀಸ್ ಕೋರ್ ಮುಚ್ಚಿತು. ದೆಹಲಿ, ವಾಷಿಂಗ್ಟನ್ ನಡುವೆ ಏನಾದರೂ ಆದರೆ ಹಳ್ಳಿಯ ಕೋಳಿಗೂಡಿನ ಕೆಲಸ ನಿಲ್ಲುತ್ತಿತ್ತು. ಕೀಲಿಕೈ ಎಲ್ಲಿತ್ತು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಈ ಉತ್ಸಾಹ ಏರುಹೊತ್ತಿನಲ್ಲಿದ್ದಾಗಲೇ ಒಬ್ಬರು ಅದಕ್ಕೆ ತಣ್ಣೀರು ಎರಚಿದರು. 1968ರ ಏಪ್ರಿಲ್ 20ರಂದು ಮೆಕ್ಸಿಕೊದ ಕ್ವೆರ್ನವಾಕದಲ್ಲಿ ಇವಾನ್ ಇಲಿಚ್ ಅಮೆರಿಕದ ವಿದ್ಯಾರ್ಥಿ ಸ್ವಯಂಸೇವಕರ ಎದುರು ಮಾತಾಡಿದರು. ಬೇಸಿಗೆಯ ರಜೆಯಲ್ಲಿ ಮೆಕ್ಸಿಕೊದ ಹಳ್ಳಿಗಳಿಗೆ ಹೋಗಿ ಸೇವೆ ಮಾಡಲು ಹೊರಟಿದ್ದವರು ಅವರು. ಇಲಿಚ್ ಹೇಳಿದ್ದರ ಸಾರ ಇಷ್ಟು: ನಿಮಗೆ ಇಲ್ಲಿಯವರ ಮಾತು ಬರುವುದಿಲ್ಲ, ನೀವು ಮಾಡುವ ಹಾನಿಯನ್ನು ನಿಮಗೆ ಹೇಳಲೂ ಅವರಿಗಾಗುವುದಿಲ್ಲ. ನೋಡಲು ಬನ್ನಿ, ಕಲಿಯಲು ಬನ್ನಿ, ನಮ್ಮ ಹೂ ಬೆಟ್ಟ ಕಂಡು ಸಂತೋಷಪಡಿ, ಆದರೆ ಉದ್ಧಾರ ಮಾಡಲು ಬರಬೇಡಿ. ಕರೆದವರನ್ನೇ ಹೀಗೆ ತರಾಟೆಗೆ ತೆಗೆದುಕೊಂಡ ಈ ಭಾಷಣವನ್ನು ಇಂದಿಗೂ ಹೊರದೇಶಕ್ಕೆ ಹೊರಟ ವಿದ್ಯಾರ್ಥಿಗಳಿಗೆ ಓದಿಸುತ್ತಾರೆ. ಓದಿದವರೂ ವಿಮಾನ ಹತ್ತುತ್ತಾರೆ.

ಹತ್ತಿ ಏನು ಮಾಡುತ್ತಾರೆ ಎಂಬುದಕ್ಕೆ ಪಿಪ್ಪಾ ಬಿಡಲ್ ಎಂಬ ಅಮೆರಿಕದ ಬರಹಗಾರ್ತಿ 2014ರಲ್ಲಿ ಬರೆದುಕೊಂಡ ಪ್ರಸಂಗವಿದೆ. ಶಾಲೆಯಲ್ಲಿದ್ದಾಗ ಅವರು ಗೆಳತಿಯರೊಡನೆ ತಾಂಜಾನಿಯಾದ ಒಂದು ಅನಾಥಾಲಯಕ್ಕೆ ಗ್ರಂಥಾಲಯ ಕಟ್ಟಲು ಹೋಗಿದ್ದರು. ಹಗಲು ಇವರು ಇಟ್ಟಿಗೆ ಇಡುತ್ತಿದ್ದರು. ಗೋಡೆ ಸೊಟ್ಟಗಾಗುತ್ತಿತ್ತು. ರಾತ್ರಿ ಊರಿನ ಗಂಡಸರು ಆ ಇಟ್ಟಿಗೆಗಳನ್ನು ಕಿತ್ತು, ನೆಟ್ಟಗೆ ಮತ್ತೆ ಕಟ್ಟಿ, ಬೆಳಗಾಗುವುದರೊಳಗೆ ಏನೂ ಆಗದವರಂತೆ ಹೋಗಿಬಿಡುತ್ತಿದ್ದರು. ಮಕ್ಕಳ ಮನಸ್ಸು ನೋಯಬಾರದಲ್ಲ! ಇದನ್ನು ಓದಿದಾಗ ನಮ್ಮ ಬಿಸಿಲಿನ ಕಟ್ಟೆ ನೆನಪಾಗಿ ನಗು ಬಂತು, ನಾಚಿಕೆಯೂ ಆಯಿತು. ಕಟ್ಟೆಯನ್ನು ಯಾವ ದಿಕ್ಕಿಗೆ ಕಟ್ಟಬೇಕು ಎಂದು ನಾವು ಊರಲ್ಲಿ ಒಬ್ಬರನ್ನೂ ಕೇಳಿರಲಿಲ್ಲ. ತಪ್ಪು ದಿಕ್ಕು ಎಂದು ಹೇಳಬಹುದಾಗಿದ್ದವರು ದಾಕ್ಷಿಣ್ಯಕ್ಕೆ ಸುಮ್ಮನಿದ್ದರು.

ಅಂದರೆ ಹೊರದೇಶ ಎಂಬುದು ನಕಾಶೆಯ ಮೇಲಿನ ಗೆರೆ ಮಾತ್ರ ಅಲ್ಲ. ಗದಗಿನ ಕಾಲೇಜಿನಿಂದ ಇಪ್ಪತ್ತು ಮೂವತ್ತು ಮೈಲಿ ದೂರದ ಹಳ್ಳಿಗೆ ಹೋದ ನಾವೂ ಅಲ್ಲಿಗೆ ಪರದೇಶಿಗಳೇ ಆಗಿದ್ದೆವು.

ನಮ್ಮನ್ನು ಆ ಹಳ್ಳಿಗೆ ಕಳಿಸಿದ ಯೋಜನೆಗೂ ಈ ಸೀಮೆಯ ನಂಟಿದೆ. ಗಾಂಧೀಜಿಯ ಜನ್ಮಶತಾಬ್ದಿಯ ವರ್ಷ, 1969ರ ಸೆಪ್ಟೆಂಬರ್ 24ರಂದು, 37 ವಿಶ್ವವಿದ್ಯಾಲಯಗಳಲ್ಲಿ ರಾಷ್ಟ್ರೀಯ ಸೇವಾ ಯೋಜನೆಯನ್ನು ಆರಂಭಿಸಿದವರು ಅಂದಿನ ಕೇಂದ್ರ ಶಿಕ್ಷಣ ಸಚಿವ ವಿ.ಕೆ.ಆರ್.ವಿ. ರಾವ್. ಈ ಅರ್ಥಶಾಸ್ತ್ರಜ್ಞರು ಲೋಕಸಭೆಗೆ ಆಯ್ಕೆಯಾಗಿದ್ದದ್ದು ಬಳ್ಳಾರಿಯಿಂದ. ಸಿಂಗಟಾಲೂರಿನ ಆಚೆ ದಂಡೆ ಅಂದು ಬಳ್ಳಾರಿ ಜಿಲ್ಲೆ. ‘ನನಗಲ್ಲ, ನಿನಗೆ’ ಎಂಬುದು ಯೋಜನೆಯ ಧ್ಯೇಯವಾಕ್ಯ. ನಾವು ಗೋಡೆಯ ಮೇಲೆ ಬರೆದದ್ದೂ ಅದನ್ನೇ. ಆದರೆ ಎನ್ನೆಸ್ಸೆಸ್‌ನ ಮೂಲ ಉದ್ದೇಶದಲ್ಲಿ ಹಳ್ಳಿಯ ಉದ್ಧಾರಕ್ಕಿಂತ ಮೊದಲು ಬರುವುದು ಸೇವೆಯ ಮೂಲಕ ವಿದ್ಯಾರ್ಥಿಯ ವ್ಯಕ್ತಿತ್ವ ಬೆಳೆಯಬೇಕು ಎಂಬ ಮಾತು. ಈ ಪ್ರಾಮಾಣಿಕತೆ ನನಗೆ ಇಷ್ಟ. ಶಿಬಿರದಿಂದ ಮೊದಲು ಲಾಭ ಪಡೆಯುವವನು ಶಿಬಿರಾರ್ಥಿ ಎಂದು ಒಪ್ಪಿಕೊಂಡರೆ ಅರ್ಧ ಭ್ರಮೆ ಹರಿಯುತ್ತದೆ.

ಇನ್ನು ‘ಸಮುದಾಯ’ ಎಂಬ ಮಾತು ಸರಕಾರದ ಬಾಯಿಗೆ ಬಂದ ಬಗೆ. ಆಲ್ಬರ್ಟ್ ಮೇಯರ್ ಎಂಬ ಅಮೆರಿಕದ ನಗರ ಯೋಜಕ ಯುದ್ಧಕಾಲದಲ್ಲಿ ಸೈನ್ಯದ ಎಂಜಿನಿಯರಾಗಿ ಭಾರತಕ್ಕೆ ಬಂದು, ನೆಹರೂ ಅವರ ಪರಿಚಯವಾಗಿ, 1948ರಲ್ಲಿ ಉತ್ತರ ಪ್ರದೇಶದ ಇಟಾವಾ ಜಿಲ್ಲೆಯಲ್ಲಿ ಒಂದು ಪ್ರಯೋಗಕ್ಕೆ ಕೈಹಾಕಿದ. ಹಳ್ಳಿಗರಿಗೆ ಅನಿಸಿದ ಅಗತ್ಯದಿಂದಲೇ ಕೆಲಸ ಶುರುವಾಗಬೇಕು ಎಂಬುದು ಅವನ ಹಟ. 1952ರ ಅಕ್ಟೋಬರ್ 2ರಂದು ಅದೇ ಮಾದರಿ ಅಮೆರಿಕದ ನೆರವಿನೊಂದಿಗೆ ದೇಶದ 55 ಕಡೆ ‘ಸಮುದಾಯ ಅಭಿವೃದ್ಧಿ ಯೋಜನೆ’ಯಾಗಿ ಹಬ್ಬಿತು. ಹಬ್ಬುವಾಗ ಹಟ ಉಳಿಯಲಿಲ್ಲ, ಗುರಿಯ ಅಂಕಿಗಳು ಉಳಿದವು. ಐದು ವರ್ಷದ ನಂತರ, 1957ರಲ್ಲಿ, ಬಲವಂತರಾಯ್ ಮೆಹ್ತಾ ಸಮಿತಿ ಪರಿಶೀಲಿಸಿ ಹೇಳಿದ್ದು, ಜನರ ಪಾಲ್ಗೊಳ್ಳುವಿಕೆಯೇ ಬರಲಿಲ್ಲ ಎಂದು. ಅದಕ್ಕೆ ಸಮಿತಿ ಸೂಚಿಸಿದ ಮದ್ದು ಇನ್ನಷ್ಟು ಕಟ್ಟಡಗಳಲ್ಲ. ಆರಿಸಿ ಬಂದವರ ಕೈಗೆ ಅಧಿಕಾರ ಕೊಡಿ ಎಂದಿತು. ಪಂಚಾಯತ್ ರಾಜ್ ಹೀಗೆ ಬಂತು. ಕೀಲಿಕೈಯ ಪ್ರಶ್ನೆಯನ್ನು ಸರಕಾರವೇ ತನ್ನನ್ನು ತಾನು ಕೇಳಿಕೊಂಡ ಗಳಿಗೆ ಅದು.

ಹಾಗಾದರೆ ಹೊರಗಿನದು ಯಾವುದೂ ನಮ್ಮಲ್ಲಿ ಬೇರು ಬಿಡುವುದಿಲ್ಲವೇ? ಬಿಡುತ್ತದೆ. ಅದಕ್ಕೆ ಗದಗ ತಾಲ್ಲೂಕಿನ ಕಣಗಿನಹಾಳದಷ್ಟು ಒಳ್ಳೆಯ ಉದಾಹರಣೆ ಬೇರೆಲ್ಲೂ ಸಿಗಲಾರದು.

ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಜರ್ಮನಿಯ ಬಡ ಹಳ್ಳಿಗಳ ಮೇಯರ್ ಆಗಿದ್ದ ರೈಫೈಸನ್ ಎಂಬಾತ ಬರಗಾಲದ ಚಳಿಗಾಲದಲ್ಲಿ ಜನರಿಗೆ ರೊಟ್ಟಿ ಹಂಚುವ ಸಂಘ ಮಾಡಿದ. ದಾನ ಹೆಚ್ಚು ದಿನ ನಡೆಯುವುದಿಲ್ಲ ಎಂದು ಆತನಿಗೆ ಬೇಗ ತಿಳಿಯಿತು. ಒಂದೇ ಊರಿನವರು, ಒಬ್ಬರನ್ನೊಬ್ಬರು ಬಲ್ಲವರು, ಒಬ್ಬರಿಗೊಬ್ಬರು ಜಾಮೀನಾಗಿ ಹಣ ಕೂಡಿಸಿ ಸಾಲ ಕೊಟ್ಟುಕೊಳ್ಳುವ ಸಂಘಗಳನ್ನು ಕಟ್ಟಿದ. ಮದ್ರಾಸಿನ ಅಧಿಕಾರಿ ಫ್ರೆಡರಿಕ್ ನಿಕಲ್ಸನ್ ಈ ಸಂಘಗಳನ್ನು ಅಭ್ಯಾಸ ಮಾಡಿ 1890ರ ದಶಕದಲ್ಲಿ ವರದಿ ಬರೆದರು. 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯ್ದೆ ಬಂತು. ಮರುವರ್ಷವೇ, 1905ರ ಮೇ ತಿಂಗಳಲ್ಲಿ, ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ತಮ್ಮೂರ ರೈತರನ್ನು ಕೂಡಿಸಿ ಸಂಘ ಕಟ್ಟಿದರು. ಆ ಕಾಯ್ದೆಯಡಿ ನೋಂದಣಿಯಾದ ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಎಂದು ಅದು ಹೆಸರಾಗಿದೆ.

ವಿಚಾರ ಜರ್ಮನಿಯದು, ಕಾಯ್ದೆ ಬ್ರಿಟಿಷರದು. ಆದರೆ ಯಾವ ಜರ್ಮನನೂ ಬಂದು ಕಣಗಿನಹಾಳದಲ್ಲಿ ಸಲಿಕೆ ಹಿಡಿಯಲಿಲ್ಲ. ಸಾವಕಾರನ ಬಡ್ಡಿ ಎಂಬ ತೊಂದರೆ ಊರಿನದೇ, ಕೂಡಿಟ್ಟ ಹಣ ಊರಿನದೇ, ತಿಜೋರಿಯ ಕೀಲಿಕೈ ಇದ್ದದ್ದೂ ಊರವರ ಕಡೆಯೇ. ಹಣ ಮುಳುಗಿದರೆ ಮುಳುಗುವುದು ತಮ್ಮದೇ ಎಂದು ಗೊತ್ತಿದ್ದರಿಂದ ಯಾರಿಗೆ ಸಾಲ ಕೊಡಬೇಕು, ಯಾರಿಗೆ ಬೇಡ ಎಂಬ ವಿಚಾರವನ್ನು ಅವರೇ ಕಟ್ಟುನಿಟ್ಟಾಗಿ ಮಾಡಬೇಕಾಯಿತು. ಕಟ್ಟಡ ಇಂಥ ಸಂಘಗಳಿಗೆ ಕೊನೆಗೆ ಬರುತ್ತದೆ, ಅಥವಾ ಬರದಿದ್ದರೂ ನಡೆಯುತ್ತದೆ.

ಇದಕ್ಕಿಂತ ತೊಡಕಿನ, ಹಾಗಾಗಿ ಇಂದಿನ ವಿದ್ಯಾರ್ಥಿಗಳಿಗೆ ಹೆಚ್ಚು ಹತ್ತಿರದ ಕಥೆ ಮೆಡ್ಲೇರಿಯದು. ಸಿಂಗಟಾಲೂರಿನಿಂದ ಹೊಳೆಯ ಮೇಲ್ಗಡೆ, ರಾಣೇಬೆನ್ನೂರು ತಾಲ್ಲೂಕಿನ ಊರು ಇದು. ಓದಲು, ದುಡಿಯಲು ಅಮೆರಿಕಕ್ಕೆ ಹೋದ ಭಾರತೀಯರು 1974ರಲ್ಲಿ ಷಿಕಾಗೋದಲ್ಲಿ ‘ಇಂಡಿಯಾ ಡೆವಲಪ್‌ಮೆಂಟ್ ಸರ್ವಿಸ್’ ಎಂಬ ಸಂಸ್ಥೆ ಕಟ್ಟಿಕೊಂಡರು. ಊರಿನ ಋಣ ತೀರಿಸುವ ಹಂಬಲ ಎಲ್ಲ ವಲಸಿಗರಲ್ಲೂ ಇರುತ್ತದೆ. ಹಣ ಕಳಿಸಿ ಕೈತೊಳೆದುಕೊಳ್ಳುವ ದಾರಿಯೂ ಇರುತ್ತದೆ. ಅವರಲ್ಲಿ ಎಸ್.ಆರ್. ಹಿರೇಮಠರು ಮತ್ತು ಅಮೆರಿಕದವರೇ ಆದ ಅವರ ಪತ್ನಿ ಮೇವಿಸ್ ಬೇರೆ ದಾರಿ ಹಿಡಿದರು. 1979ರಲ್ಲಿ ಗಂಟುಮೂಟೆ ಕಟ್ಟಿಕೊಂಡು ಬಂದು ಮೆಡ್ಲೇರಿಯ ಸುತ್ತಲಿನ ಹಳ್ಳಿಗಳಲ್ಲಿ ಕೆಲಸ ಶುರುಮಾಡಿದರು.

ಮೊದಲು ಅದು ಎಲ್ಲ ಅಭಿವೃದ್ಧಿ ಯೋಜನೆಗಳ ಹಾಗೆಯೇ ಇತ್ತು. ಆರೋಗ್ಯ, ಸಣ್ಣ ಕಸುಬು, ಭೂಮಿಯಿಲ್ಲದವರ ಮತ್ತು ಹೆಣ್ಣುಮಕ್ಕಳ ಗುಂಪುಗಳು. ಆದರೆ ಬಂದವರು ಏಳು ದಿನಕ್ಕೆ ಹೊರಡಲಿಲ್ಲ, ಎರಡು ವರ್ಷಕ್ಕೂ ಹೊರಡಲಿಲ್ಲ. ಉಳಿದವರಿಗೆ ಮಾತ್ರ ಕಾಣುವ ಸಂಗತಿಗಳಿರುತ್ತವೆ. ಹರಿಹರದ ಕಡೆಯಿಂದ ಕಾರ್ಖಾನೆಯ ಹೊಲಸು ನೀರು ಹೊಳೆಗೆ ಸೇರಿ ಮೀನು ಸಾಯುತ್ತಿದ್ದವು, ಮೀನುಗಾರರ ಬದುಕು ಕೆಡುತ್ತಿತ್ತು, ದಂಡೆಯ ಊರುಗಳು ಅದೇ ನೀರು ಕುಡಿಯಬೇಕಿತ್ತು. ಹಳ್ಳಿಯಲ್ಲಿ ಎಷ್ಟು ಕಸುಬು ಕಲಿಸಿದರೇನು, ಹೊಳೆಯೇ ವಿಷವಾದರೆ? 1984ರಲ್ಲಿ ‘ಸಮಾಜ ಪರಿವರ್ತನ ಸಮುದಾಯ’ ಹುಟ್ಟಿತು. ಹೆಸರಿನಲ್ಲಿ ಮತ್ತೆ ‘ಸಮುದಾಯ’ ಇದೆ, ಆದರೆ ಈ ಸಲ ಅದು ಭವನದ ಹಿಂದಿನ ವಿಶೇಷಣವಲ್ಲ.

ಅದೇ ವರ್ಷ ರಾಜ್ಯ ಸರಕಾರ ಮತ್ತು ಖಾಸಗಿ ಕಂಪನಿ ಕೂಡಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಎಂಬ ಜಂಟಿ ಸಂಸ್ಥೆ ಮಾಡಿದವು. ಕಾರ್ಖಾನೆಗೆ ನೀಲಗಿರಿ ಬೆಳೆಯಲು ಧಾರವಾಡ, ಉತ್ತರ ಕನ್ನಡ, ಶಿವಮೊಗ್ಗ, ಚಿಕ್ಕಮಗಳೂರು ಜಿಲ್ಲೆಗಳ ಸುಮಾರು 30,000 ಹೆಕ್ಟೇರ್ ಜಮೀನನ್ನು ಅದಕ್ಕೆ ಬಿಟ್ಟುಕೊಡುವುದು ಯೋಜನೆ. ಸರಕಾರದ ಕಡತದಲ್ಲಿ ಅದು ಪಾಳು ಬಿದ್ದ ನೆಲ. ಊರವರ ಪಾಲಿಗೆ ಅದು ದನ ಮೇಯುವ, ಉರುವಲು ಆಯುವ, ಕೂಲಿಯಿಲ್ಲದ ತಿಂಗಳುಗಳಲ್ಲಿ ಹಣ್ಣು ಸೊಪ್ಪು ಕೊಡುವ ನೆಲ. ಊರಿನ ಅತಿ ದೊಡ್ಡ ಸಮುದಾಯ ಭವನ ಅದೇ, ಅದಕ್ಕೆ ಗೋಡೆ ಮಾಡು ಇರಲಿಲ್ಲ ಅಷ್ಟೇ.

1987ರ ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ಜನ ನೆರೆದು ‘ಕಿತ್ತಿಕೊ ಹಚ್ಚಿಕೊ’ ಸತ್ಯಾಗ್ರಹ ಮಾಡಿದರು. ನೀಲಗಿರಿ ಸಸಿ ಕಿತ್ತು, ತಮಗೆ ಉಪಯೋಗಕ್ಕೆ ಬರುವ ಗಿಡ ಹಚ್ಚಿದರು. ಹಚ್ಚುವುದೆಂದರೆ ನಮ್ಮ ಕಡೆ ನೆಡುವುದು. ಹೆಸರು ಕೇಳಿದರೇ ಗೊತ್ತಾಗುತ್ತದೆ, ಇದು ಷಿಕಾಗೋದಲ್ಲಿ ಹುಟ್ಟಿದ ಮಾತಲ್ಲ. ಇತ್ತ ಸುಪ್ರೀಂ ಕೋರ್ಟಿಗೆ ಹೋದ ಅರ್ಜಿಯಲ್ಲಿ ಶಿವರಾಮ ಕಾರಂತರ ಹೆಸರಿತ್ತು. 1990ರ ದಶಕದ ಆರಂಭದಲ್ಲಿ ಆ ಜಂಟಿ ಸಂಸ್ಥೆ ಬಾಗಿಲು ಹಾಕಿತು.

ಮೆಡ್ಲೇರಿಯ ಕಥೆಯನ್ನು ವೀರಗಾಥೆಯಾಗಿ ಓದಬೇಕಿಲ್ಲ. ಹೊರಗಿನಿಂದ ಬಂದವರು ಊರಿಗೆ ಕೊಟ್ಟದ್ದು ಏನು ಎಂದು ನೋಡಿದರೆ ಸಾಕು. ಕಾಗದಪತ್ರ ಓದುವುದು, ಕಾಯ್ದೆ ಹುಡುಕುವುದು, ನ್ಯಾಯಾಲಯದ ಬಾಗಿಲು ತಟ್ಟುವುದು ಅವರಿಗೆ ಬರುತ್ತಿತ್ತು. ಯಾವ ನೆಲ ಯಾರ ಹೊಟ್ಟೆ ಹೊರೆಯುತ್ತದೆ ಎಂಬುದು ಊರವರಿಗೆ ಗೊತ್ತಿತ್ತು. ಎರಡೂ ಕೂಡಿದಾಗ ಕೆಲಸ ಆಯಿತು. ಓದಿದವರು ಊರವರ ಇಟ್ಟಿಗೆಯನ್ನು ಸೊಟ್ಟಗೆ ಇಡಲು ಹೋಗಲಿಲ್ಲ. ಊರವರಿಗೆ ಬಾರದ, ತಮಗೆ ಬರುವ ಕೆಲಸ ಮಾಡಿದರು.

ಇದರ ತದ್ವಿರುದ್ಧ ಚಿತ್ರವೂ ನಮ್ಮ ಜಿಲ್ಲೆಯಲ್ಲೇ ಇದೆ. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ವಾರದ ಮಳೆಗೆ ಉತ್ತರ ಕರ್ನಾಟಕ ಮುಳುಗಿತು. ನಾಡಿನ ತುಂಬ ವಿದ್ಯಾರ್ಥಿಗಳು ಡಬ್ಬಿ ಹಿಡಿದು ಹಣ ಕೂಡಿಸಿದರು, ಬಟ್ಟೆಬರೆ ಹೊತ್ತು ತಂದರು. ‘ಆಸರೆ’ ಯೋಜನೆಯಲ್ಲಿ ಸರಕಾರ ಮತ್ತು ದಾನಿಗಳು ಕೂಡಿ ಎತ್ತರದ ಜಾಗಗಳಲ್ಲಿ ನವಗ್ರಾಮಗಳನ್ನು ಕಟ್ಟಿದರು. ಮಲಪ್ರಭೆಯ ದಂಡೆಯ ಹಲವು ಊರುಗಳಲ್ಲಿ ಆ ಮನೆಗಳು ವರ್ಷಗಟ್ಟಲೆ ಖಾಲಿ ಬಿದ್ದವು, ಸುತ್ತ ಜಾಲಿ ಬೆಳೆಯಿತು. ದುಡ್ಡಿನ ಕೊರತೆ ಇರಲಿಲ್ಲ, ಕನಿಕರದ ಕೊರತೆಯೂ ಇರಲಿಲ್ಲ. ಆದರೆ ಎತ್ತು ಎಮ್ಮೆ ಎಲ್ಲಿ ಕಟ್ಟಬೇಕು, ಹೊಟ್ಟು ಮೇವು ಎಲ್ಲಿ ಒಟ್ಟಬೇಕು, ಮೂವರು ಅಣ್ಣತಮ್ಮಂದಿರ ಕೂಡುಕುಟುಂಬ ಆ ಎರಡು ಕೋಣೆಯಲ್ಲಿ ಹೇಗೆ ಹಿಡಿಸಬೇಕು, ಹೊಲಕ್ಕೆ ದಿನಾ ಎಷ್ಟು ದೂರ ನಡೆಯಬೇಕು? ನಕಾಶೆ ಬರೆಯುವಾಗ ಈ ಪ್ರಶ್ನೆ ಕೇಳುವವರು ಮೇಜಿನ ಸುತ್ತ ಇರಲಿಲ್ಲ. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಮತ್ತೆ ಉಕ್ಕಿದಾಗ ಹಳೆಯ ಊರಿನಲ್ಲೇ ಉಳಿದಿದ್ದವರ ಮನೆಗೆ ಮತ್ತೆ ನೀರು ನುಗ್ಗಿತು. ಇಲ್ಲಿ ಕೀಲಿಕೈಯನ್ನೇನೋ ಮನೆಯವರ ಕೈಗೇ ಕೊಟ್ಟಿದ್ದರು. ಆದರೆ ಮನೆ ಅವರದಾಗಿರಲಿಲ್ಲ.

ಸಿಂಗಟಾಲೂರಿನ ಸೀಮೆಗೂ ಈ ಮಾತು ದೂರದ್ದಲ್ಲ. ಸಿಂಗಟಾಲೂರು ಏತ ನೀರಾವರಿಗಾಗಿ ಹಮ್ಮಿಗಿಯಲ್ಲಿ ಬ್ಯಾರೇಜ್ ಎದ್ದಾಗ ಹಿನ್ನೀರಿನ ಕಾರಣ ಬಿದರಹಳ್ಳಿ, ವಿಠಲಾಪುರ, ಗುಮ್ಮಗೋಳದಂಥ ಊರುಗಳು ಜಾಗ ಬದಲಿಸಬೇಕಾಯಿತು. ಒಂದು ಊರನ್ನು ಎತ್ತಿ ಇನ್ನೊಂದು ಕಡೆ ಇಡುವಾಗ ಮನೆ ಎಣಿಸಬಹುದು, ಗಿಡ ಎಣಿಸಿ ಪರಿಹಾರ ಕೊಡಬಹುದು. ಅಗಸಿಯ ಮುಂದಿನ ಕಟ್ಟೆ, ಹೆಣ್ಣುಮಕ್ಕಳು ಕೂತು ಕಾಳು ಹಸನು ಮಾಡುವ ಓಣಿಯ ನೆರಳು, ಗರಡಿಮನೆ, ಭಜನೆ ಕೂಡುವ ಗುಡಿಯ ಪಡಸಾಲೆ ಇವು ಯಾವ ಕಲಮಿನಲ್ಲಿ ಬರುತ್ತವೆ? ಅವನ್ನು ಎಂಜಿನಿಯರರು ಕಟ್ಟಿರಲಿಲ್ಲ. ಜನ ಕೂತು ಕೂತು ಆದ ಜಾಗಗಳು ಅವು.

ಇಷ್ಟೆಲ್ಲ ಓದಿ, ಶಿಬಿರಗಳೇ ಬೇಡ ಎನ್ನುವ ತೀರ್ಮಾನಕ್ಕೆ ನಾನು ಬಂದಿಲ್ಲ. ಎಸ್ನ್‌ನ ಗುಡಿಸಲು ಕಟ್ಟದಿದ್ದರೆ ಸೆರೆಸೋಲ್ ಬಿಹಾರದಲ್ಲಿ ಹಾಗೆ ಕೆಲಸ ಮಾಡುತ್ತಿರಲಿಲ್ಲ. ನಮ್ಮ ಬಿಸಿಲಿನ ಕಟ್ಟೆ ಇರದಿದ್ದರೆ ನಾನು ಅಜ್ಜಿಯ ಪ್ರಶ್ನೆಯನ್ನು ಕೇಳಿಸಿಕೊಳ್ಳುತ್ತಿರಲಿಲ್ಲ. ಆದರೆ ನಮ್ಮ ಕಲಿಕೆಯ ಖರ್ಚನ್ನು ಯಾವುದೋ ಊರು ಹೊರುತ್ತದೆ ಎಂಬ ಎಚ್ಚರ ಇರಬೇಕು. ಇಂದು ಗದಗ, ಲಕ್ಷ್ಮೇಶ್ವರ, ಶಿರಹಟ್ಟಿಯ ಹುಡುಗರೂ ಓದಲು ಜರ್ಮನಿ, ಅಮೆರಿಕಕ್ಕೆ ಹೋಗುತ್ತಿದ್ದಾರೆ. ಅಲ್ಲಿಂದ ಊರ ಶಾಲೆಗೆ, ಗ್ರಂಥಾಲಯಕ್ಕೆ ಹಣ ಕೂಡಿಸುತ್ತಾರೆ. ಅಲ್ಲಿಯ ಗೆಳೆಯರು ಇಲ್ಲಿಗೆ ಬಂದು ಗೋಡೆಗೆ ಚಿತ್ರ ಬರೆಯುತ್ತಾರೆ. ಹೊರಗಿನವರು, ಒಳಗಿನವರು ಎಂಬ ಗೆರೆ ನಮ್ಮ ಮನೆಯೊಳಗೇ ಹಾದುಹೋಗುತ್ತಿದೆ.

ಅಂಥವರಿಗೆ ಹೇಳಲು ನನ್ನ ಹತ್ತಿರ ದೊಡ್ಡ ಸಿದ್ಧಾಂತವಿಲ್ಲ. ಗುದ್ದಲಿ ಹಿಡಿಯುವ ಮೊದಲು ಒಂದು ದಿನ ಸುಮ್ಮನೆ ಊರಲ್ಲಿ ಕೂತು, ಬೆಳಿಗ್ಗೆ ಜನ ಎಲ್ಲಿ ಕೂಡುತ್ತಾರೆ, ಮಧ್ಯಾಹ್ನ ಎಲ್ಲಿ, ಹೆಣ್ಣುಮಕ್ಕಳು ಎಲ್ಲಿ, ಯಾರು ಎಲ್ಲಿಗೆ ಬರುವುದಿಲ್ಲ, ಏಕೆ ಬರುವುದಿಲ್ಲ ಎಂದು ನೋಡಬಹುದು. ಕೊನೆಯ ಪ್ರಶ್ನೆ ಮುಖ್ಯ, ಏಕೆಂದರೆ ಹಳೆಯ ಕಟ್ಟೆಗಳೆಲ್ಲ ಎಲ್ಲರಿಗೂ ತೆರೆದಿದ್ದವು ಎಂದು ಹೇಳಿದರೆ ಸುಳ್ಳಾಗುತ್ತದೆ. ಜಾತಿಯ ಕಾರಣಕ್ಕೆ ಏರಲಾಗದ ಕಟ್ಟೆಗಳು ಪ್ರತಿ ಊರಲ್ಲೂ ಇದ್ದವು. ಹೊರಗಿನವನ ಒಂದು ಉಪಯೋಗ ಇರುವುದು ಇಲ್ಲಿಯೇ: ಊರು ಕೇಳಲು ಹಿಂಜರಿಯುವ ಪ್ರಶ್ನೆಯನ್ನು ಅವನು ಕೇಳಬಲ್ಲ. ಊರೊಟ್ಟಿನ ಕೀಲಿಕೈ ಎಂದರೆ ಯಾವ ಓಣಿಯ ಕೈ ಎಂದು ವಿಚಾರಿಸಬಲ್ಲ. ಆದರೆ ಆ ಪ್ರಶ್ನೆ ಕೇಳಿ ಮರುದಿನ ಬಸ್ಸು ಹತ್ತಿಬಿಟ್ಟರೆ ಅದರ ಪೆಟ್ಟು ಬೀಳುವುದು ಉಳಿದವರ ಮೇಲೆ.

ಕಳೆದ ಸಲ ಸಿಂಗಟಾಲೂರಿಗೆ ಹೋದಾಗ ಹೊಳೆಯ ದಂಡೆಯಲ್ಲಿ ಬಹಳ ಹೊತ್ತು ಕೂತಿದ್ದೆ. ಬ್ಯಾರೇಜಿನಿಂದಾಗಿ ನೀರು ಈಗ ಅಗಲವಾಗಿ ನಿಲ್ಲುತ್ತದೆ. ಪಕ್ಕದಲ್ಲಿ ಒಂದು ಕುಟುಂಬ ಅಡುಗೆ ಮುಗಿಸಿ ಎಲೆ ಹಾಸುತ್ತಿತ್ತು. “ಬರ್ರಿ, ಒಂದ್ ರೊಟ್ಟಿ ತಿನ್ನಬರ್ರಿ” ಎಂದು ಕರೆದರು. ನಾನು ಹೋಗಿ ಕೂತೆ. ಊಟವಾದ ಮೇಲೆ ಅವರು ಒಲೆಯ ಮೂರು ಕಲ್ಲುಗಳನ್ನು ಅಲ್ಲೇ ಬಿಟ್ಟು, ಬೂದಿಗೆ ನೀರು ಚಿಮುಕಿಸಿ, ಕಸ ಬಳಿದು ಎದ್ದರು. ಕಲ್ಲು ಯಾಕೆ ಹಾಗೇ ಬಿಟ್ಟಿರಿ ಎಂದು ಕೇಳಿದೆ. “ನಾಳೆ ಮತ್ತ್ಯಾರರ ಬರತಾರಲ್ರಿ” ಅಂದರು.